ಹೊಳೆಯದ ಚುಕ್ಕೆ

ಆಗಸ್ಟ್ 5, 2024, ಸೋಮವಾರ

ಬಿ.ಪಿ. 150/94.

ದಿನಾ ಬಿ.ಪಿ. ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆಂದೇ ನಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನ ಹಳೆಯ ರಿಜಿಸ್ಟರ್ ಒಂದನ್ನು ಮನೆಗೆ ತಂದೆ. ಎರಡು ಅಂಕಿಗೆ ಇಷ್ಟು ದೊಡ್ಡ ಪುಟ ದಂಡ. ಮೂವತ್ತೊಂದು ವರ್ಷ ಊರಿನವರ ರಕ್ತದ ವಿಚಾರ ಬರೆದವನು ನನ್ನ ಮನೆಯದೂ ನಾಲ್ಕು ಸಾಲು ಬರೆದರೆ ಯಾರಪ್ಪನ ಗಂಟು ಹೋಗುತ್ತದೆ?

ಇವತ್ತು ಬಿ.ಪಿ. ಏರಲು ಕಾರಣ ಇತ್ತು. ಮಗಳು ಅಂಜನಾ ಈಗ ಏಳು ತಿಂಗಳ ಬಸುರಿ. ಬೆಳಿಗ್ಗೆ ರೊಟ್ಟಿ ಮುರಿಯುತ್ತಾ, "ಯಪ್ಪಾ, ಬಾಣಂತನಕ್ಕ ನಾ ಕಮಲಾಪುರಕ್ಕೇ ಹೋಗ್ತೀನಿ. ಆಯಿ ಕೈಯಾಗೇ ಆಗಬೇಕು" ಎಂದಳು. ಆಯಿ ಅಂದರೆ ನನ್ನ ಹೆಂಡತಿ ರಮಾಬಾಯಿಯ ತಾಯಿ, ಸಾವಿತ್ರಿಬಾಯಿ.

"ಆ ಮನ್ಯಾಗ ಒಂದು ಕೂಸು ಹೋಗಿದ್ದು ಸಾಲಲ್ಲೇನು?" ಎಂದೆ.

ಅಷ್ಟೇ. ಮಗಳು ಎದ್ದು ಹೋದಳು. ರಮಾಬಾಯಿ ಹಂಚನ್ನು ಇಳಿಸಿದ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ನಾನು ರಿಪೋರ್ಟ್ ಇದ್ದ ಹಾಗೆ ಹೇಳುವವನು. 2022ರ ನವೆಂಬರಿನಲ್ಲಿ ಅಂಜನಾಳ ಮೊದಲ ಹೆರಿಗೆ ಕಮಲಾಪುರದ ದವಾಖಾನೆಯಲ್ಲಿ ಆಯಿತು, ಬಾಣಂತನ ಆ ಮನೆಯಲ್ಲಿ. ಗಂಡು. ಕಾಮಾಲೆ ಏರಿತೆಂದು ನಮ್ಮ ಆಸ್ಪತ್ರೆಗೆ ತಂದರು, ಆರನೆಯ ದಿನ ಹೋಯಿತು. ಕತ್ತಲ ಕೋಣೆ, ಎಣ್ಣೆ, ಹೊಗೆ, ಮುದುಕಿಯ ಹಟ, ಇವೇ ಕಾರಣ. ಮಣ್ಣು ಮಾಡಿ ಬಂದ ದಿನ ಕಮಲಾಪುರದ ಓಣಿಯ ಎಲ್ಲರೆದುರು ಹೇಳಿದೆ: "ನಿಮ್ಮ ಕೈಯಾಗೇ ಕೂಸು ಸತ್ತದ." ಮುದುಕಿ ಅಲ್ಲಿಯವರೆಗೂ ಓಣಿಯ ಕೂಸುಗಳಿಗೆಲ್ಲ ಕಾಲ ಮೇಲೆ ಹಾಕಿಕೊಂಡು ನೀರು ಎರೆಯುತ್ತಿದ್ದಳು. ಆಮೇಲೆ ಯಾರೂ ಕರೆಯುವುದಿಲ್ಲವಂತೆ. ಅದು ಓಣಿಯವರ ವಿವೇಕ, ನನ್ನದೇನಿಲ್ಲ.

ಆಗಸ್ಟ್ 9, ಶುಕ್ರವಾರ

ಬಿ.ಪಿ. 144/90.

ನಮ್ಮ ಆಸ್ಪತ್ರೆಗೆ ಮಕ್ಕಳ ಡಾಕ್ಟರ್ ಒಬ್ಬರು ಹೊಸದಾಗಿ ಬಂದಿದ್ದಾರೆ, ತಬಸ್ಸುಮ್ ಎಂದು. ಇಲ್ಲಿಯ ಹುಡುಗಿಯೇ. ಮೊದಲ ಮಗು ಹೋದ ವಿಷಯ ಯಾರೋ ಹೇಳಿರಬೇಕು, ಅದರ ಕಾಗದಗಳನ್ನು ತರಿಸಿಕೊಂಡರು. ಹತ್ತು ನಿಮಿಷ ಓದಿದರು. ಕೊನೆಯ ದಿನದ ಬಿಲಿರುಬಿನ್, ಅಂದರೆ ಕಾಮಾಲೆಯ ಹಳದಿ ಅಳೆಯುವ ಪರೀಕ್ಷೆ, ನಾನೇ ಮಾಡಿದ್ದು, ಮೂವತ್ತಾರು ಬಂದಿತ್ತು. ಸಹಿಯೂ ನನ್ನದೇ.

"ದತ್ತಪ್ಪನೋರ, ಐದು ದಿನದಾಗ ಹಿಮೋಗ್ಲೋಬಿನ್ ಹದಿನೇಳರಿಂದ ಎಂಟಕ್ಕ ಇಳದದ. ತಾಯಿ ಕೂಸಿಂದು ಗ್ರೂಪ್ ಒಂದೇ ಅದ. ರಕ್ತ ಒಡದದ ಇಲ್ಲಿ. ಯಾಕ ಒಡೀತು ಅಂತ ಯಾರೂ ಕೇಳೇ ಇಲ್ಲಲ್ರಿ?"

ಆ 'ಯಾರೂ' ಎಂಬುದರಲ್ಲಿ ನಾನೂ ಇದ್ದೇನೆ ಎಂದು ಅವರಿಗೆ ಗೊತ್ತಿದ್ದೇ ಅಂದರು. ಅಂಜನಾಳಿಗೆ ಜಿ-ಸಿಕ್ಸ್-ಪಿಡಿ ಪರೀಕ್ಷೆ ಮಾಡಿ ಎಂದರು. ನಮ್ಮಲ್ಲಿ ಕಿಟ್ ಇಲ್ಲ, ತರಿಸಬೇಕು.

ಸಂಜೆ ಮನೆಯಲ್ಲಿ ತಾಯಿ ಮಗಳು ಇಬ್ಬರನ್ನೂ ಕೂರಿಸಿ ತಿಳಿಸಿ ಹೇಳಿದೆ. ಬೇರೆ ಜೀವಕೋಶಗಳೊಳಗೆ ಜೀನುಗಳು ಇರುತ್ತವೆ. ಯಾವ ಪ್ರೋಟೀನು ಬೇಕೋ ಅದನ್ನು ಆ ಜೀನು ಓದಿ ತಯಾರಿಸಿಕೊಳ್ಳುತ್ತವೆ. ಕೆಂಪು ರಕ್ತಕಣ ಮಾತ್ರ ವಿಚಿತ್ರ. ಮೈಗೆ ಬಿಡುಗಡೆಯಾಗುವ ಮುಂಚೆಯೇ ಜೀನುಗಳ ಗಂಟನ್ನು ಬಿಸಾಕಿ ಬರುತ್ತದೆ. ನಾಲ್ಕು ತಿಂಗಳ ಆಯುಷ್ಯವನ್ನು ಮೊದಲೇ ಕಟ್ಟಿಕೊಂಡ ಬುತ್ತಿಯಲ್ಲೇ ಕಳೆಯಬೇಕು. ಆ ಬುತ್ತಿಯಲ್ಲಿರುವ ಒಂದು ಪ್ರೋಟೀನು ಈ ಜಿ-ಸಿಕ್ಸ್-ಪಿಡಿ. ಕಣಕ್ಕೆ ತುಕ್ಕು ಹಿಡಿಯದ ಹಾಗೆ ಕಾಯುವುದು ಅದರ ಕೆಲಸ. ಜೀನಿನಲ್ಲಿ ಒಂದಕ್ಷರ ಬದಲಾದರೆ ಸಾಕು, ಪ್ರೋಟೀನು ಬೇಗ ಹಳಸುತ್ತದೆ. ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಹೊರಗಿನಿಂದ ಒಂದು ಪೆಟ್ಟು ಬಿದ್ದರೆ, ಯಾವುದೋ ಗುಳಿಗೆ, ಯಾವುದೋ ರಾಸಾಯನಿಕ, ಕಣಗಳು ಒಡೆಯಲು ಶುರು. ರಕ್ತ ಒಡೆದು ಬಂದ ಹಳದಿಯೇ ಕಾಮಾಲೆ.

"ಬುತ್ತಿ ಹಳಸಿದ್ರ ತಪ್ಪು ಯಾರದು? ಕಟ್ಟಿದವರದೋ, ಉಂಡವರದೋ?" ರಮಾಬಾಯಿ ಕೇಳಿದಳು. ಈ ಹೆಂಗಸು ಪಿಯುಸಿ ಮುಗಿಸಿದ್ದರೆ ವಕೀಲಳಾಗುತ್ತಿದ್ದಳು.

"ಗಂಡುಮಕ್ಕಳಿಗೆ ಇದು ತಾಯಿಯಿಂದಲೇ ಬರೋದು" ಎಂದೆ. ಅಂಜನಾಳಿಗೆ ಅವಳ ತಾಯಿಯಿಂದ, ಅವಳ ತಾಯಿಗೆ ಕಮಲಾಪುರದಿಂದ. ಎಣ್ಣೆ ಹೊಗೆಯ ಜೊತೆಗೆ ಇದೂ ಆ ಮನೆಯದೇ ಆಯಿತಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ ಸಮಾಧಾನವಾಯಿತು.

ಆಗಸ್ಟ್ 21, ಬುಧವಾರ

ಬಿ.ಪಿ. 146/92.

ಕಿಟ್ ಬಂತು. ಪರೀಕ್ಷೆ ಸರಳ. ಒಂದು ಹನಿ ರಕ್ತವನ್ನು ಔಷಧದಲ್ಲಿ ಬೆರೆಸಿ, ಹತ್ತು ನಿಮಿಷ ಬಿಟ್ಟು, ಸೋಸುವ ಕಾಗದದ ಮೇಲೆ ಚುಕ್ಕೆ ಇಟ್ಟು ಒಣಗಿಸಬೇಕು. ಆಮೇಲೆ ಕತ್ತಲಲ್ಲಿ ನೇರಳೆ ದೀಪ ಹಿಡಿದರೆ, ಪ್ರೋಟೀನು ಸರಿಯಿದ್ದವರ ಚುಕ್ಕೆ ಬೆಳ್ಳಗೆ ನೀಲಿಯಾಗಿ ಹೊಳೆಯುತ್ತದೆ. ಇಲ್ಲದವರದು ಹೊಳೆಯುವುದಿಲ್ಲ.

ಪರೀಕ್ಷೆ ನಂಬಬೇಕೆಂದರೆ ಪಕ್ಕದಲ್ಲಿ ಆರೋಗ್ಯವಂತನ ರಕ್ತವೊಂದು ಬೇಕು, ಕಂಟ್ರೋಲ್ ಅಂತ. ಕಂಪನಿ ಕಳಿಸುವ ಕಂಟ್ರೋಲ್ ಸೀಸೆ ಈ ಬಿಸಿಲಿನ ಊರಿಗೆ ಬರುವಷ್ಟರಲ್ಲಿ ಕೆಟ್ಟಿರುತ್ತದೆ. ಹಾಗಾಗಿ ಯಾವ ಹೊಸ ಕಿಟ್ ಬಂದರೂ ನಮ್ಮ ಲ್ಯಾಬಿನಲ್ಲಿ ಒಂದೇ ಪದ್ಧತಿ: ದತ್ತಪ್ಪನ ಬೆರಳು ಚುಚ್ಚುವುದು. ಮೂವತ್ತು ವರ್ಷದಿಂದ ಈ ಲ್ಯಾಬಿನ ನಾರ್ಮಲ್ ಮನುಷ್ಯ ನಾನೇ.

ಇವತ್ತು ಮೂರು ಚುಕ್ಕೆ. ರಮಾಬಾಯಿ, ಅಂಜನಾ, ಕಂಟ್ರೋಲ್. ರಮಾಬಾಯಿಯದು ಚೆನ್ನಾಗಿ ಹೊಳೆಯಿತು. ಅಂಜನಾಳದು ಮಬ್ಬು ಮಬ್ಬು. ಕಂಟ್ರೋಲ್ ಹೊಳೆಯಲೇ ಇಲ್ಲ.

ಕಂಟ್ರೋಲ್ ಕೆಟ್ಟರೆ ಇಡೀ ಬ್ಯಾಚ್ ರದ್ದು, ಇದು ನಿಯಮ. ಕಾಗದ ಹರಿದು ಹಾಕಿದೆ. ಸಪ್ಲೈಯರ್‌ಗೆ ಫೋನ್ ಮಾಡಿ ಚೆನ್ನಾಗಿ ಝಾಡಿಸಿದೆ. ಸತ್ತ ಕಿಟ್ ಕಳಿಸಲು ನಾಚಿಕೆಯಾಗುವುದಿಲ್ಲವೇ ಎಂದೆ.

ಆಗಸ್ಟ್ 23, ಶುಕ್ರವಾರ

ಬಿ.ಪಿ. 156/98.

ಸಪ್ಲೈಯರ್ ಬೇರೆ ಸಲ ತಯಾರಾದ ಲಾಟಿನ ಕಿಟ್ ಕಳಿಸಿದ. ಅದೇ ಕಥೆ. ರಮಾಬಾಯಿ ಹೊಳೆದಳು, ಕಂಟ್ರೋಲ್ ಕಪ್ಪು. ಕಿಟ್ ಎರಡೂ ಕೆಟ್ಟಿರಲಾರವು, ದೀಪ ಕೆಟ್ಟಿರಬೇಕು. ದೀಪ ಬದಲಿಸಲು ಚೀಟಿ ಬರೆದೆ.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದರೆ ರಮಾಬಾಯಿ, "ಕುಣೀಲಾರದಾಕಿ ನೆಲಾ ಡೊಂಕು ಅಂದಿದ್ಳಂತ" ಎಂದಳು. ಕಿಟ್ ಏನು, ಕಂಟ್ರೋಲ್ ಏನು ಗೊತ್ತಿಲ್ಲದವರ ಜೊತೆ ಮಾತು ಬೆಳೆಸಲಿಲ್ಲ.

ಆಗಸ್ಟ್ 24, ಶನಿವಾರ

ಬಿ.ಪಿ. 152/96.

ಖಮರುದ್ದೀನ್ ನನ್ನ ಜೊತೆ ಹದಿನೆಂಟು ವರ್ಷದಿಂದ ಲ್ಯಾಬಿನಲ್ಲಿದ್ದಾನೆ. ಮಾತು ಕಡಿಮೆ, ಕೈ ಚೊಕ್ಕ. ಇವತ್ತು ನಾನು ಮೂರನೆಯ ಸಲ ಸಪ್ಲೈಯರ್‌ಗೆ ಫೋನ್ ಹಚ್ಚುವಾಗ ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡ. ತನ್ನ ಬೆರಳು ತಾನೇ ಚುಚ್ಚಿಕೊಂಡ. ಅವನದೊಂದು ಚುಕ್ಕೆ, ನನ್ನದೊಂದು. ಅದೇ ಕಿಟ್, ಅದೇ ದೀಪ. ಬಾಗಿಲು ಹಾಕಿ ಇಬ್ಬರೂ ಬಗ್ಗಿ ನೋಡಿದೆವು.

ಅವನದು ಹೊಳೆಯಿತು.

"ಸಾಬ್," ಎಂದ ಮೆಲ್ಲಗೆ, "ಕಿಟ್ ಖರಾಬ್ ಇಲ್ರಿ. ಕಂಟ್ರೋಲ್ ಖರಾಬ್ ಅದ."

ಆಗಸ್ಟ್ 25, ಭಾನುವಾರ

ಬಿ.ಪಿ. ನೋಡಿಲ್ಲ.

1991ರಲ್ಲಿ ಚಿಂಚೋಳಿಯಲ್ಲಿ ತರಬೇತಿಗಿದ್ದಾಗ ಮಲೇರಿಯಾ ಬಂದಿತ್ತು. ಹದಿನಾಲ್ಕು ದಿನದ ಗುಳಿಗೆ ಕೊಟ್ಟರು. ಮೂರನೆಯ ದಿನಕ್ಕೆ ಮೂತ್ರ ಕರಿ ಚಹಾದ ಬಣ್ಣಕ್ಕೆ ಬಂತು. ಉಷ್ಣ ಎಂದುಕೊಂಡು ಗುಳಿಗೆ ಬಿಸಾಕಿದೆ, ಮಜ್ಜಿಗೆ ಕುಡಿದೆ, ವಾಸಿಯಾಯಿತು. ಅದು ಒಡೆದ ರಕ್ತದ ಬಣ್ಣ; ಮೂವತ್ತಮೂರು ವರ್ಷ ನೆನಪೇ ಆಗಿರಲಿಲ್ಲ.

ಆಗಸ್ಟ್ 27, ಮಂಗಳವಾರ

ಡಾ. ತಬಸ್ಸುಮ್ ಬಳಿ ಹೋಗಿ ಮೂರೂ ಸಲದ ಫಲಿತಾಂಶ ಬರೆದು ಮೇಜಿನ ಮೇಲಿಟ್ಟೆ. ಅವರು ನನ್ನನ್ನು ಗದರಿಸಲಿಲ್ಲ. ಗದರಿಸಿದ್ದರೆ ಒಳ್ಳೆಯದಿತ್ತು.

ಈ ಜೀನು ಎಕ್ಸ್ ಕ್ರೋಮೋಸೋಮಿನಲ್ಲಿದೆ. ಗಂಡಸಿಗೆ ಇರುವುದು ಒಂದೇ ಎಕ್ಸ್, ಅದನ್ನು ಅವನು ತನ್ನ ಪ್ರತಿಯೊಬ್ಬ ಮಗಳಿಗೂ ಕೊಟ್ಟೇ ಕೊಡುತ್ತಾನೆ, ತಪ್ಪಿಸಲು ಬರುವುದಿಲ್ಲ. ಮಗಳಿಗೆ ತಾಯಿಯಿಂದ ಇನ್ನೊಂದು ಎಕ್ಸ್ ಇರುವುದರಿಂದ ಅವಳಿಗೆ ಹೆಚ್ಚು ತ್ರಾಸಿಲ್ಲ. ಅವಳ ಗಂಡುಮಗುವಿಗೆ ಯಾವ ಎಕ್ಸ್ ಹೋಗುತ್ತದೆ ಎಂಬುದು ನಾಣ್ಯ ಚಿಮ್ಮುವ ಚಿತ್ ಪಟ್ ಆಟ. ಇದು ಡಿಪ್ಲೊಮಾದ ಎರಡನೆಯ ವರ್ಷದ ಪಾಠ. ನನಗೆ ಎಪ್ಪತ್ತೊಂಬತ್ತು ಅಂಕ ಬಂದಿತ್ತು.

"ಈ ಕೂಸು ಗಂಡಾದ್ರ ಅರ್ಧಕ್ಕರ್ಧ ಚಾನ್ಸ್ ಅದ. ಆದ್ರ ಹೆದರಬ್ಯಾಡ್ರಿ, ಗೊತ್ತಿದ್ರ ಕಾಯಬಹುದು. ಈ ಯಾದಿಯಾಗಿನವು ಹತ್ರ ಬರಬಾರದು, ಅಷ್ಟೇ." ಯಾದಿ ಬರೆದುಕೊಟ್ಟರು. ಮಲೇರಿಯಾದ ಒಂದು ಗುಳಿಗೆ, ಸಲ್ಫಾ ಔಷಧಗಳು, ಮೆಹಂದಿ. ಆಮೇಲೆ, "ಮೊದಲನೇ ಕೂಸಿಗಿ ಹಿಂಥಾದ್ದೇನರ ತಾಕಿತ್ತೇನ್ರಿ? ಬಟ್ಟಿಗಿ ಹಾಕೋ ಡಾಂಬರ್ ಗುಳಿಗಿ, ಅದೂ ಅದ ನೋಡ್ರಿ ಇದರಾಗ. ಅದರ ಗಾಳಿ ಸಾಕು. ಹಸಿ ಕೂಸಿನ ಚರ್ಮದಾಗಿಂದ ಒಳಗ ಹೋಗ್ತದ" ಎಂದರು.

ಗೊತ್ತಿಲ್ಲ ಎಂದೆ.

ಮೂವತ್ತೊಂದು ವರ್ಷದಲ್ಲಿ ನಾನು ಡಾಕ್ಟರಿಗೆ ಕೊಟ್ಟ ಮೊದಲ ತಪ್ಪು ರಿಪೋರ್ಟ್ ಅದು.

ಆಗಸ್ಟ್ 28, ಬುಧವಾರ

ಬರೆದಿಡುತ್ತೇನೆ, ಇದ್ದ ಹಾಗೆ.

ನಮ್ಮಲ್ಲಿ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಮನೆಯ ಹಿರಿಯರ ಹಳೆಯ ಸೀರೆ ಧೋತರ ಹರಿದು ಮೆತ್ತಗಿನ ಕುಂಚಿಗೆ, ಕೌದಿ ಹೊಲಿದಿಡುತ್ತಾರೆ. ಸಾವಿತ್ರಿಬಾಯಿ ನಾಲ್ಕು ತಿಂಗಳು ಮುಂಚೆಯೇ ಹೊಲಿದು ಟ್ರಂಕಿನಲ್ಲಿ ಇಟ್ಟಿದ್ದಳು. ಹಳ್ಳಿ ಮನೆ, ನುಸಿ, ಇಲಿ, ಜಿರಲೆ. ನನಗೆ ಸ್ವಚ್ಛತೆಯ ಹುಚ್ಚು ಮೊದಲಿನಿಂದ. ಗಂಜ್ ಮಾರ್ಕೆಟ್ಟಿಗೆ ಹೋಗಿ ಅರ್ಧ ಕಿಲೋ ಡಾಂಬರ್ ಗುಳಿಗೆ ಕೊಂಡು, ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ, ಪ್ರತಿ ಮಡಿಕೆಯ ನಡುವೆ ಎರಡೆರಡು ಇಟ್ಟು, ಟ್ರಂಕಿಗೆ ಬೀಗ ಹಾಕಿ ಬಂದೆ. ಎರಡು ತಿಂಗಳು ಅವು ಅದರಲ್ಲೇ ಇದ್ದವು.

ಹೆರಿಗೆಯಾದ ಮರುದಿನ ಹೋದಾಗ ಅಂಗಳದ ತಂತಿಯ ಮೇಲೆ ಎರಡು ಕೌದಿ ಒಣಗಿಹಾಕಿದ್ದು ಕಂಡಿತು. ಸಿಟ್ಟು ಬಂತು. "ಇಷ್ಟು ಕ್ಲೀನ್ ಮಾಡಿ ಇಟ್ಟಿದ್ದು ಮತ್ತ ಧೂಳಾಗ ಯಾಕ ಹಾಕೀರಿ? ಹಾಂಗೇ ಹೊಚ್ಚರಿ ಕೂಸಿಗಿ" ಎಂದು ನಾನೇ ತೆಗೆದು ಒಳಗೆ ಕೊಟ್ಟೆ. ಕೊಟ್ಟಿದ್ದು ಈ ಕೈ.

ಜೀನು ನನ್ನದು. ಗುಳಿಗೆಯೂ ನನ್ನದು. ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದನಂತೆ ಎಂಬ ಗಾದೆ ನನ್ನನ್ನು ನೋಡಿಯೇ ಮಾಡಿರಬೇಕು.

ಸೆಪ್ಟೆಂಬರ್ 12, ಗುರುವಾರ

ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ ಎಂದರೆ ಸುಳ್ಳು.

ಇವತ್ತು ರಮಾಬಾಯಿಗೆ ಅರ್ಧ ಹೇಳಿದೆ. ಜೀನು ನನ್ನ ಕಡೆಯಿಂದ ಬಂದಿದೆ, ನಿಮ್ಮ ಮನೆಯಿಂದ ಅಲ್ಲ ಎಂದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಹೊರಗಿಂದ ಪೆಟ್ಟು ಬಿದ್ರೇ ರಕ್ತ ಒಡೀತದ ಅಂದಿದ್ರಿ. ಮತ್ತ ನಮ್ಮ ಕೂಸಿಗಿ ಏನು ಪೆಟ್ಟು ಬಿತ್ತು?"

"ಏನೋ ಇದ್ದೀತು."

"ಏನೋ ಇದ್ದೀತು," ಎಂದು ನನ್ನ ದನಿಯಲ್ಲೇ ಅಂದಳು. "ಎರಡು ವರ್ಷದ ಹಿಂದ ಎಲ್ಲಾ ಬರೋಬ್ಬರಿ ಗೊತ್ತಿತ್ತು ನಿಮಗ. ಎಣ್ಣಿ, ಹೊಗಿ, ನಮ್ಮವ್ವ. ಈಗೇನ್ರಿ, ನಾಲಿಗಿ ಬಿದ್ದು ಹೋಗ್ಯಾದೇನು?"

ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಹೀಗೆ ಕೇಳಿದ್ದು ಇದೇ ಮೊದಲೇನಲ್ಲ. ಆದರೆ ಯಾವಾಗಲೂ ಎದ್ದು ಹೊರಗೆ ಹೋಗುತ್ತಿದ್ದೆ. ಇವತ್ತು ಕೂತೇ ಇದ್ದೆ.

ಸೆಪ್ಟೆಂಬರ್ 22, ಭಾನುವಾರ

ಗಂಜ್ ಮಾರ್ಕೆಟ್ಟಿನ ಹತ್ತಿರ ಹುಮನಾಬಾದ್ ಬಸ್ಸು ಹತ್ತಿ ಒಬ್ಬನೇ ಕಮಲಾಪುರಕ್ಕೆ ಹೋದೆ. ಸಾವಿತ್ರಿಬಾಯಿ ಪಡಸಾಲೆಯಲ್ಲಿ ಮೊರದಲ್ಲಿ ತೊಗರಿಬೇಳೆ ಕೇರುತ್ತಿದ್ದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಬರ್ರಿ ಅಳಿಯಂದಿರ. ಅಂಜು ಆರಾಮದಾಳ?" ಎಂದರು. ನೀರು ಕೊಟ್ಟರು, ತಟ್ಟೆಯಲ್ಲಿ ಎರಡು ಕೆಂಪು ಬಾಳೆಹಣ್ಣು ಇಟ್ಟರು. ಎರಡು ವರ್ಷದಲ್ಲಿ ನಾನು ಈ ಮನೆಯ ಹೊಸ್ತಿಲು ತುಳಿದದ್ದು ಇವತ್ತೇ.

ಎದ್ದು ಬಾಗಿಲು ಮುಂದಕ್ಕೆ ಹಾಕಿ ಬಂದು ಕೂತು ಹೇಳಿದೆ. ಪ್ರೋಟೀನು, ಕಣ ಎಂದೆಲ್ಲ ಶುರುಮಾಡಿ, ಗೊಂದಲವಾಗಿ, ಕೊನೆಗೆ ಡಾಂಬರ್ ಗುಳಿಗೆಗೆ ಬಂದೆ. ಅವರು ಬೇಳೆಯಲ್ಲಿ ಕೈಯಾಡಿಸುತ್ತಾ ಕೇಳಿದರು.

"ಆ ವಾಸನಿಗಿ ಕೂಸು ಸೀನಾಕತ್ತಿತ್ತು," ಎಂದರು. "ಅದಕ್ಕೇ ಬಿಸಿಲಿಗಿ ಹಾಕಿದ್ದೆ. ನೀವು ಬೈದ್ರಿ. ಓದಿದವರು, ದವಾಖಾನ್ಯಾಗ ಇರೋರು, ನಿಮಗ ಗೊತ್ತಿರ್ತದ ಅಂತ ಸುಮ್ಮನಾದೆ. ಸುಮ್ಮನಾಗಿದ್ದೇ ನನ್ನ ತಪ್ಪಾತೇನ್ರಿ?"

"ಅಲ್ಲ ಅತ್ತಿ."

"ಎರಡು ವರ್ಷ ಆತು, ಇವು ಕೈ ನೋಡಿಕೋತ ಕುಂತೀನಿ. ಊರ ಕೂಸುಗಳಿಗೆಲ್ಲ ಎರದೀನಿ, ಮೊಮ್ಮಗಳ ಕೂಸಿಗಿ ಏನು ಮಾಡಿದೆ ಅಂತ. ಒಂದು ಉಗುರು ತಾಕಿತೇನು, ನೀರು ಸುಡುತಿತ್ತೇನು ಅಂತ."

ತಪ್ಪಾಯಿತು ಎಂದೆ. ಅವರು ತಲೆ ಎತ್ತಿ ಬಾಗಿಲ ಕಡೆ ನೋಡಿದರು.

"ಅವತ್ತು ಓಣಿ ಮುಂದ ಅಂದಿದ್ರಿ. ಇವತ್ತು ಬಾಗಿಲಾ ಹಾಕಿ ಹೇಳಾಕತ್ತೀರಿ."

ಅದು ಬೈಗುಳವೂ ಆಗಿರಲಿಲ್ಲ. ಬೇಳೆಯಲ್ಲಿ ಕಲ್ಲು ಸಿಕ್ಕಿತು ಎನ್ನುವ ಹಾಗೆ ಹೇಳಿದರು. ನಾಲ್ಕು ಗಂಟೆಯ ಬಸ್ಸಿಗೆ ವಾಪಸ್ ಬಂದೆ. ಬಾಳೆಹಣ್ಣು ತಿನ್ನಲಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಅಂಜನಾಗೆ ಹೇಳಿದೆ. ಈ ಸಲ ಗುಳಿಗೆಯಿಂದಲೇ ಶುರುಮಾಡಿದೆ, ಜೀನು ಆಮೇಲೆ.

ಅವಳು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಪೂರ್ತಿ ಕೇಳಿದಳು. ಆಮೇಲೆ, "ಅಂದ್ರ ಹಾಲಲ್ಲ?" ಎಂದಳು.

"ಏನು ಹಾಲು?"

"ನನ್ನ ಹಾಲು. ನಾಲ್ಕನೇ ದಿನ ಅವ ಕುಡಿಯೂದು ಬಿಟ್ಟ. ದವಾಖಾನ್ಯಾಗ ಬಾಜೂಕಿನ ಹೆಣ್ಮಗಳು, ಕೆಲವರ ಹಾಲು ವಿಷ ಇರ್ತದ ಅಂದ್ಳು. ನಾ ಹಾಂಗೇ ತಿಳ್ಕೊಂಡಿದ್ದೆ."

ಎದ್ದು ಹೋಗಿ ಕಪಾಟಿನ ಬಟ್ಟೆಗಳ ಹಿಂದಿನಿಂದ ಹಾಲಿನ ಪುಡಿಯ ಎರಡು ಡಬ್ಬಿ ತಂದು ನನ್ನ ಮುಂದಿಟ್ಟಳು. ಈ ಕೂಸಿಗೆ ತನ್ನ ಹಾಲು ಕೊಡುವುದೇ ಇಲ್ಲವೆಂದು ಯಾರಿಗೂ ಹೇಳದೆ ತಂದಿಟ್ಟಿದ್ದಳಂತೆ. ಗಂಡ ದಿಲೀಪನಿಗೂ ಗೊತ್ತಿಲ್ಲ.

ನಾನು ಅವಳನ್ನು ಒಮ್ಮೆಯೂ ಏನೂ ಕೇಳಿರಲಿಲ್ಲ. ಕಾರಣ ಗೊತ್ತಿದೆ ಎಂದುಕೊಂಡವನು ಕೇಳುವುದೇನನ್ನು?

"ಹಾಲಲ್ಲವ್ವ. ನಿಂದೇನೂ ಇಲ್ಲ ಇದರಾಗ" ಎಂದೆ.

ಅವಳು ನಕ್ಕಳು, ಆಮೇಲೆ ಅತ್ತಳು, ಆಮೇಲೆ ನನ್ನ ಮುಖ ನೋಡಿ, "ಹೊರಗ ಹೋಗ್ರಿ" ಎಂದಳು.

ಹೊರಗೆ ಬಂದೆ.

ಅಕ್ಟೋಬರ್ 4, ಶುಕ್ರವಾರ

ಬೆಳಿಗ್ಗೆ 9.40ಕ್ಕೆ ಹೆರಿಗೆ. ಗಂಡು. ಎರಡು ಕಿಲೋ ಒಂಬೈನೂರು.

ಹೊಕ್ಕುಳಬಳ್ಳಿಯ ರಕ್ತ ಲ್ಯಾಬಿಗೆ ಬಂತು. ಕಂಟ್ರೋಲಿಗೆ ಖಮರುದ್ದೀನ್ ಕೇಳದೆಯೇ ಬೆರಳು ಚಾಚಿದ. ಪರೀಕ್ಷೆಯನ್ನೂ ತಾನೇ ಮಾಡುತ್ತೇನೆ ಎಂದ, ಬೇಡ ಎಂದೆ. ಹತ್ತು ನಿಮಿಷ ಟೈಮರ್ ಇಟ್ಟು ನಿಂತೆ. ಈ ಹತ್ತು ನಿಮಿಷ ಇಷ್ಟು ಉದ್ದ ಇರುತ್ತದೆಂದು ಕಿಟಕಿಯ ಆಚೆ ರಿಪೋರ್ಟಿಗಾಗಿ ಕಾಯುವವರು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ನಾನು 'ಸಂಜಿಕಡಿ ಬರ್ರಿ' ಎನ್ನುತ್ತಿದ್ದೆ.

ಖಮರುದ್ದೀನನದು ಹೊಳೆಯಿತು. ಕೂಸಿನದು ಇಲ್ಲ.

ವಾರ್ಡಿಗೆ ಹೋದೆ. ಅಂಜನಾ ಹತ್ತು ದಿನದಿಂದ ನನ್ನ ಜೊತೆ ಮಾತಾಡಿರಲಿಲ್ಲ. ಕೂಸು ಅವಳ ಎದೆಗಂಟಿಕೊಂಡು ಹಾಲು ಕುಡಿಯುತ್ತಿತ್ತು.

"ಹೊಳೀತೇನು?" ಎಂದಳು.

"ಇಲ್ಲವ್ವ."

"ನಿಮ್ಮಂಗೇ."

"ಹೂಂ. ನನ್ನಂಗೇ."

ಅವಳು ಕೂಸಿನ ತಲೆ ಸವರಿದಳು. "ಹಾಂಗಾದ್ರ ಕಡಿಮಿ ಅಂದ್ರೂ ನಿಮ್ಮಂಗ ಐವತ್ತೇಳು ವರ್ಷ ಬದುಕ್ತಾನ ಬಿಡ್ರಿ. ಸಿಟ್ಟು ಮಾಡಿಕೋತ, ಎಲ್ಲಾರಿಗೂ ಬೈಕೋತ."

ರಮಾಬಾಯಿ ಮುಖ ಆಚೆ ತಿರುಗಿಸಿ ನಕ್ಕಳು. ನನಗೂ ನಗು ಬಂತು.

ಅಕ್ಟೋಬರ್ 9, ಬುಧವಾರ

ಮೂರನೆಯ ದಿನ ಹಳದಿ ಏರಿತ್ತು. ನೀಲಿ ದೀಪದ ಕೆಳಗೆ ಎರಡು ದಿನ ಇಟ್ಟರು. ಬಿಲಿರುಬಿನ್ ಹದಿನಾರು, ಹದಿಮೂರು, ಇವತ್ತು ಒಂಬತ್ತು. ಇವನ ಸ್ಯಾಂಪಲ್ ಬಂದಾಗಲೆಲ್ಲ ಎರಡೆರಡು ಸಲ ಮಾಡಿದೆ. ಡಾ. ತಬಸ್ಸುಮ್ ಮನೆಗೆ ಬಿಟ್ಟರು. ಯಾದಿಯನ್ನು ಸರ್ಕಾರಿ ಪ್ರಮಾಣಪತ್ರದಂತೆ ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿ ರಮಾಬಾಯಿ ಗೋಡೆಗೆ ತೂಗುಹಾಕಿದ್ದಾಳೆ.

ಮೊದಲನೆಯವನು ಇದ್ದದ್ದು ಐದು ದಿನ. ಇವನಿಗೆ ಇವತ್ತು ಐದು ತುಂಬಿತು.

ಅಕ್ಟೋಬರ್ 20, ಭಾನುವಾರ

ಅಂಜನಾ, ಕೂಸು, ರಮಾಬಾಯಿ, ನಾನು ಕಮಲಾಪುರಕ್ಕೆ ಬಂದೆವು. ಬಾಣಂತನ ಇಲ್ಲೇ ಎಂದು ಅಂಜನಾ ಹೇಳಿದ ಮೇಲೆ ಯಾರೂ ಎದುರು ಮಾತಾಡಲಿಲ್ಲ. ನಾನಂತೂ ಆಟೋದಲ್ಲಿ ಗಂಟುಗಳನ್ನು ತುಂಬುತ್ತಿದ್ದೆ.

ಕೂಸು ನೋಡಲು ಓಣಿಯ ಹೆಂಗಸರು ಬಂದರು. ಬುದ್ಧ ವಿಹಾರದಲ್ಲಿ ವಂದನೆ ಮುಗಿಸಿ ನೇರ ಬಂದವರು, ಹತ್ತು ಹನ್ನೆರಡು ಮಂದಿ. ಅತ್ತೆ ಅಂಗಳದ ಬಚ್ಚಲಗಲ್ಲಿನ ಹತ್ತಿರ ನಿಂತಿದ್ದರು, ಹಂಡೆಯಲ್ಲಿ ನೀರು ಕಾದಿತ್ತು. ಕೂಸನ್ನು ಎತ್ತಿಕೊಳ್ಳಲು ಅವರು ಕೈ ಚಾಚಲಿಲ್ಲ. ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿದರು. ಎದುರುಮನೆಯ ಸೂಗಮ್ಮ, "ನಾ ಎರೀಲೇನವ್ವ?" ಎಂದು ಅಂಜನಾಳನ್ನು ಕೇಳಿದಳು.

ನಾನು ತಲೆಬಾಗಿಲ ಕಲ್ಲಿನ ಮೇಲೆ ನಿಂತೆ. ಎರಡು ವರ್ಷದ ಹಿಂದೆಯೂ ಅಲ್ಲೇ ನಿಂತಿದ್ದೆ.

"ಒಂದು ಮಾತು ಹೇಳೂದದ," ಎಂದೆ. ಮತ್ತೊಮ್ಮೆ ಜೋರಾಗಿ ಹೇಳಿದೆ. ಜೀನು ಎಂದೆ. ಅದರಿಂದ ಪ್ರೋಟೀನು, ಅದು ಕಡಿಮೆಯಾದರೆ ರಕ್ತ ಒಡೆಯುತ್ತದೆ ಎಂದೆ. ಎಕ್ಸ್ ಎಂದೆ. ತಂದೆಯಿಂದ ಮಗಳಿಗೆ ಎಂದೆ. ಟ್ರಂಕಿನ ಬಗ್ಗೆ, ಡಾಂಬರ್ ಗುಳಿಗೆಯ ಬಗ್ಗೆ, ತಂತಿಯ ಮೇಲಿನ ಕೌದಿಯ ಬಗ್ಗೆ ಹೇಳಿದೆ. ಒಂದು ಸಾಲು ಮುಂದೆ ಹೋಗಿ ಎರಡು ಸಾಲು ಹಿಂದೆ ಬರುತ್ತಿದ್ದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕೇಳಿದರು.

"ಇಷ್ಟುದ್ದ ಯಾಕ್ರಿ ಸಾಹೇಬ್ರ," ಸೂಗಮ್ಮ ಅಂದಳು. "ನಮಗದೆಲ್ಲ ತಿಳಿಯಂಗಿಲ್ಲ. ಆ ಕೂಸು ಹೋಗಿದ್ದು ಯಾರ ಕೈಯಿಂದ, ಅಷ್ಟು ಹೇಳ್ರಿ."

"ನನ್ನ ಕೈಯಿಂದ" ಎಂದೆ. "ಅತ್ತಿ ಕೈಯಿಂದ ಅಲ್ಲ. ಅವರು ಉಳಿಸಾಕ ನೋಡಿದ್ರು, ನಾ ಬಿಡಲಿಲ್ಲ."

ಒಬ್ಬಳು ಅಜ್ಜಿ "ಅಯ್ಯ ಶಿವನ" ಎಂದಳು. ಸೂಗಮ್ಮ ಅಂಜನಾಳ ಮಡಿಲಿನಿಂದ ಕೂಸನ್ನು ಎತ್ತಿಕೊಂಡು ಹೋಗಿ ಅತ್ತೆಯ ಕೈಗೆ ಕೊಟ್ಟಳು.

ಅತ್ತೆ ಮಣೆಯ ಮೇಲೆ ಕೂತು ಕಾಲು ಚಾಚಿದರು. ಕೂಸನ್ನು ಕಾಲುಗಳ ನಡುವೆ ಮಲಗಿಸಿಕೊಂಡು ಎಣ್ಣೆ ಹಚ್ಚಿದರು. ಕೈ ಮೊದಲು ಸ್ವಲ್ಪ ಅನುಮಾನಿಸಿತು, ಆಮೇಲೆ ತನ್ನ ಕೆಲಸ ತಾನು ಮಾಡಿತು. ನಾನು ಗಂಡಸು, ಅಲ್ಲಿ ನಿಲ್ಲಬಾರದೆಂದು ಹೊರಟೆ.

"ನಿಲ್ರಿ" ಎಂದರು. ತಲೆ ಎತ್ತಲಿಲ್ಲ. "ಒಂದು ಕೇಳೂದದ. ಅವಂಗ ಭಾಳ ಬ್ಯಾನಿ ಆಗಿತ್ತೇನ್ರಿ?"

ಇವನಿಗಲ್ಲ, ಅವನಿಗೆ. ಎರಡು ವರ್ಷದಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ ಅದು. ಹಸುಗೂಸಿಗೆ ತಿಳಿಯುವುದಿಲ್ಲ ಎನ್ನಬಹುದಿತ್ತು. ಕೊನೆಯ ದಿನ ಅವನ ಬೆನ್ನು ಬಿಲ್ಲಿನಂತೆ ಸೆಟೆದದ್ದನ್ನು, ಅಳುವಿನ ದನಿ ಸಣ್ಣಗೆ ಏರಿದ್ದನ್ನು ನಾನು ನೋಡಿದ್ದೆ. ರಕ್ತ ತೆಗೆದವನು ನಾನೇ.

"ಆಗಿತ್ತು ಅತ್ತಿ."

ಅವರು ಹೂಂ ಎಂದರು. ಕೂಸಿನ ಎದೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಬಲಗೈಯಿಂದ ಅದರ ಕಣ್ಣಿಗೆ ನೀರು ಬೀಳದಂತೆ ಮರೆ ಹಿಡಿದು, "ಬಿಂದಿಗಿ ಎತ್ಕೋರಿ. ನೀವೇ ಹಾಕ್ರಿ ನೀರು. ಸಾವಕಾಶ" ಎಂದರು.

ಎತ್ತಿಕೊಂಡು ಸಾವಕಾಶ ಹಾಕಿದೆ. ಬಿಂದಿಗೆಗೆ ಎರಡೂ ಕೈ ಬೇಕಾಗಿದ್ದರಿಂದ ಕಣ್ಣು ಒರೆಸಿಕೊಳ್ಳಲಾಗಲಿಲ್ಲ.